ಚಪ್ಪಟೆ ಬಟ್ಟಲಿನ ಏಳು ಮರ

ಜಲಜಕ್ಕನಿಗೆ ಹೂವಿನ ಮೇಲೆ ನಂಬಿಕೆ ಇರಲಿಲ್ಲ. ಹೂವು ಒಂದು ಹೊತ್ತಿನ ನೆಂಟ, ಬಣ್ಣ ತೋರಿಸಿ ಹೋಗಿಬಿಡುತ್ತದೆ, ಅದನ್ನು ನಂಬಿ ಗಿಡದ ಹೆಸರು ಹೇಳಿದರೆ ಕೆಡುತ್ತೀರಿ ಎನ್ನುವುದು ಅವರ ವಾದ. ಅವರು ನಂಬಿದ್ದು ಹೂವಿನ ಕೆಳಗಿನ ಹಸಿರು ಬಟ್ಟಲನ್ನು. ಮೊಗ್ಗನ್ನು ಮುಚ್ಚಿ ಕಾಯುವುದು ಅದು. ಹೂವು ಉದುರಿದ ಮೇಲೂ ಎಷ್ಟೋ ಗಿಡಗಳಲ್ಲಿ ಕಾಯಿಯ ಬುಡ ಹಿಡಿದು ಉಳಿಯುವುದೂ ಅದೇ. ಪುಸ್ತಕದಲ್ಲಿ ಅದಕ್ಕೆ ಪುಷ್ಪಪಾತ್ರೆ ಎಂದು ಹೆಸರಂತೆ. ಜಲಜಕ್ಕ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಅವರಿಗೆ ಅದು ಬಟ್ಟಲು.

ನಾನು ರತ್ನಾಕರ, ಕೇದ್ಗೆಕುದ್ರುವಿನಲ್ಲಿ ಅಂಗಡಿ ಇಟ್ಟವ. ಕುದ್ರು ಅಂದರೆ ಹೊಳೆಯ ನಡುವಿನ ಗಡ್ಡೆ. ಗಾಳಿ ಈ ಕಡೆ ಬೀಸಿದರೆ ಕುಂದಾಪುರದ ಬಸ್ಸುಗಳ ಹಾರ್ನ್ ನಮಗೆ ಕೇಳುತ್ತದೆ, ಆದರೆ ಬಸ್ಸು ಹತ್ತಬೇಕಾದರೆ ಮೊದಲು ದೋಣಿ ಹತ್ತಬೇಕು. ಉಬ್ಬರದ ಹೊತ್ತಿನಲ್ಲಿ ತೊಂದರೆ ಇಲ್ಲ. ಇಳಿತದಲ್ಲಿ ದೋಣಿ ದಡ ಮುಟ್ಟುವುದಿಲ್ಲ, ಮೂವತ್ತು ಮಾರು ದೂರ ಮೊಣಕಾಲುದ್ದದ ಕೆಸರಿನಲ್ಲಿ ನಡೆಯಬೇಕು. ಸೇತುವೆ ಹೋರಾಟ ಸಮಿತಿಯ ಕಾರ್ಯದರ್ಶಿಯೂ ನಾನೇ. ಹದಿನಾರು ವರ್ಷ ಮನವಿ ಬರೆದು ಬರೆದು ನನ್ನ ಕೈಬರಹ ಸುಧಾರಿಸಿತು, ಮತ್ತೇನೂ ಸುಧಾರಿಸಲಿಲ್ಲ. ಜಲಜಕ್ಕನ ಬಗ್ಗೆ ಕುದ್ರುವಿನಲ್ಲಿ ಈಗ ಆಡುತ್ತಿರುವ ಮಾತು ನಿಜವಲ್ಲ ಎಂದು ಗೊತ್ತಿರುವುದು ಮೂರೇ ಜನಕ್ಕೆ. ಅವರಲ್ಲಿ ಒಬ್ಬ ನಾನು, ಮತ್ತು ತಪ್ಪಿನ ದೊಡ್ಡ ಪಾಲು ನನ್ನದೇ.

ಜಲಜಕ್ಕನಿಗೆ ಈಗ ಅರವತ್ತು. ಮದುವೆಯಾಗಿ ಈ ಕುದ್ರುವಿಗೆ ಬಂದವರು. ಗಂಡ ಸುಬ್ಬಣ್ಣ ಬಲೆ ಬೀಸುವವರು, ಅವರು ತೀರಿಹೋಗಿ ಹನ್ನೆರಡು ವರ್ಷವಾಯಿತು. ಜಲಜಕ್ಕ ಇಳಿತದಲ್ಲಿ ಹೊಳೆಗಿಳಿದು ಚಿಪ್ಪು ಹೆಕ್ಕುತ್ತಿದ್ದರು. ಆಮೇಲೆ ಅರಣ್ಯ ಇಲಾಖೆಯವರು ದಡಕ್ಕೆ ಕಾಂಡ್ಲಾ ಗಿಡ ನೆಡಿಸುವಾಗ ಆ ಕೆಲಸಕ್ಕೆ ಸೇರಿದರು. ಕಾಂಡ್ಲಾ ಅಂದರೆ ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಕಾಡು. ದೂರದಿಂದ ಎಲ್ಲ ಒಂದೇ ಹಸಿರು, ಎಲ್ಲ ಒಂದೇ ದಪ್ಪ ಎಲೆ. ಇಲಾಖೆಯವರೇ ಒಂದಕ್ಕೆ ಇನ್ನೊಂದರ ಹೆಸರು ಹೇಳುತ್ತಿದ್ದರಂತೆ. ಜಲಜಕ್ಕ ದೋಣಿಯಲ್ಲಿ ಕುಳಿತಲ್ಲಿಂದಲೇ ಕೊಂಬೆ ಬಗ್ಗಿಸಿ ಬಟ್ಟಲು ನೋಡುತ್ತಿದ್ದರು. ದಪ್ಪ ನಾಲ್ಕು ಎಸಳಿದ್ದರೆ ಒಂದು ಜಾತಿ, ಸಪೂರ ಐದು ಎಸಳು ಹಿಂದಕ್ಕೆ ಬಾಗಿದ್ದರೆ ಇನ್ನೊಂದು, ಕೆಂಪು ಬಣ್ಣದ ಹತ್ತು ಹನ್ನೆರಡು ಕಡ್ಡಿಯಂಥ ಎಸಳಿದ್ದರೆ ಮತ್ತೊಂದು.

ನೆಲದ ಗಿಡಕ್ಕೂ ಅದೇ ಲೆಕ್ಕ. ಒಂದು ಸಲ ನಮ್ಮ ಕುದ್ರುವಿನ ರಿಕ್ಷಾದ ಯೋಗೀಶನ ತಾಯಿ ಬೇಲಿಯ ಬದಿಯಿಂದ ಸೊಪ್ಪು ಕೊಯ್ದು ತಂದು ಹರಿವೆಯ ಜೊತೆ ಬೇಯಲಿಟ್ಟಿದ್ದರು. ಜಲಜಕ್ಕ ಯಾವುದೋ ಕೆಲಸಕ್ಕೆ ಆ ಮನೆಗೆ ಹೋದವರು ಹೊಸಿಲ ಬಳಿ ಬಿದ್ದ ಕಡ್ಡಿಯನ್ನು ಎತ್ತಿ ನೋಡಿದರು. ಮುಳ್ಳು ಕಾಯಿ ಉದುರಿಹೋಗಿತ್ತು, ಅದರ ಬುಡದಲ್ಲಿ ಅಂಗಿಯ ಕಾಲರಿನ ಹಾಗೆ ತಿರುಗಿದ ಒಣ ಬಟ್ಟಲು ಮಾತ್ರ ಉಳಿದಿತ್ತು. ನೇರ ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಯನ್ನು ಅಂಗಳಕ್ಕೆ ತಂದು ಸುರಿದರು. ಅದು ಉಮ್ಮತ್ತದ ಸೊಪ್ಪು, ವಿಷ. ಆ ದಿನ ಆ ಮನೆಯಲ್ಲಿ ಐದು ಜನ ಊಟಕ್ಕೆ ಕುಳಿತುಕೊಳ್ಳುವವರಿದ್ದರು, ಯೋಗೀಶನೂ ಸೇರಿ. ಇದನ್ನು ನೆನಪಿಟ್ಟುಕೊಳ್ಳಿ, ಯೋಗೀಶ ಮರೆತಿದ್ದಾನೆ.

ನಾಲ್ಕು ವರ್ಷದ ಹಿಂದೆ ಪ್ರಣೀತಾ ಎಂಬ ಹುಡುಗಿ ಬಂದಳು. ಬ್ರಹ್ಮಾವರದ ಕಡೆಯವಳು, ಕಾಲೇಜಿನ ದೊಡ್ಡ ಓದಿಗಾಗಿ ಕಾಂಡ್ಲಾ ಕಾಡಿನ ಪಟ್ಟಿ ಮಾಡಬೇಕಿತ್ತು. ಎರಡು ವರ್ಷ ಜಲಜಕ್ಕನ ದೋಣಿಯಲ್ಲಿ ತಿರುಗಿದಳು. ಮೊದಲ ದಿನ ನನ್ನ ಅಂಗಡಿಯ ಮುಂದೆಯೇ ಪಾಠ ಆರಂಭವಾಯಿತು. ಅಲ್ಲಿ ಬೆಳ್ಳಟ್ಟಿ ಗಿಡವಿದೆ, ಸಣ್ಣ ಕೇಸರಿ ಹೂವುಗಳ ಪಕ್ಕದಲ್ಲಿ ಒಂದೇ ಒಂದು ದೊಡ್ಡ ಬಿಳಿ ಎಲೆ ಬಿಡುವಂಥದ್ದು.

"ಹೆಣ್ಣೇ, ಈ ಬೆಳಿದ್ ಎಂತದ್?" ಎಂದು ಜಲಜಕ್ಕ ಕೇಳಿದರು.

"ಹೂವಿನ ದಳ" ಅಂದಳು ಪ್ರಣೀತಾ.

"ಅಲ್ಲ. ಬಟ್ಲಿಂದ್ ಒಂದ್ ಎಸ್ಳ್ ಅದ್. ನಾಕ್ ಎಸ್ಳ್ ಸಣ್ಣಕ್ಕೇ ಉಳ್ದ್, ಒಂದ್ ಮಾತ್ರ ದೊಡ್ಡ ಆದ್ದ್. ಬಿಡ್ಸಿ ಕಾಣ್."

ಹುಡುಗಿ ಉಗುರಿನಿಂದ ಬಿಡಿಸಿ ನೋಡಿ ಬೆಪ್ಪಾದಳು. ಪುಸ್ತಕದಲ್ಲಿ ಓದಿದ್ದು ಪರೀಕ್ಷೆಯ ಆಚೆ ನಿಜವಾಗಿಯೂ ಇರುತ್ತದೆ ಎಂದು ಅವಳಿಗೆ ಅನಿಸಿದ್ದೇ ಅವತ್ತಂತೆ. ಆಮೇಲೆ ಅವಳು ಜಲಜಕ್ಕನ ಬಾಲ ಬಿಡಲಿಲ್ಲ. ಉದುರಿದ ಕಾಯಿಯನ್ನು ಹೇಗೆ ನೋಡುವುದು ಎಂದೂ ಜಲಜಕ್ಕ ಕಲಿಸಿದರು. ಹಣ್ಣಾಗಿ ತಾನಾಗಿ ಬಿದ್ದದ್ದಕ್ಕೆ ತೊಟ್ಟು ಇರುವುದಿಲ್ಲ, ಬುಡ ನುಣ್ಣಗಿರುತ್ತದೆ. ಯಾರೋ ಕೊಯ್ದು ಬಿಸಾಡಿದ್ದಾದರೆ ತೊಟ್ಟು ಅಂಟಿಕೊಂಡಿರುತ್ತದೆ, ಸಿಪ್ಪೆ ಹರಿದಿರುತ್ತದೆ. ಈ ಪಾಠ ನನ್ನ ಎದುರಿಗೇ ನಡೆದದ್ದು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ಆ ಏಳು ಮರದ ವಿಷಯ. ನಮ್ಮ ದೋಣಿ ನಿಲ್ಲುವ ಕಡವಿನ ಬದಿಯಲ್ಲಿ ಏಳು ಬುಗ್ರಿ ಮರ ಇವೆ. ಕಾಯಿ ಬುಗುರಿಯ ಹಾಗೆ ಇರುವುದರಿಂದ ನಾವು ಇಟ್ಟ ಹೆಸರು ಅದು. ಹೊಳೆಯಲ್ಲಿ ಬುಗ್ರಿ ಮರ ಬೇಕಾದಷ್ಟಿವೆ, ಆದರೆ ಅವುಗಳಲ್ಲಿ ಎರಡು ಜಾತಿ. ಇರುಳು ಅರಳಿ ಬೆಳಗಾಗುವುದರೊಳಗೆ ಹೂವು ಉದುರಿಹೋಗುತ್ತದೆ, ಹಗಲು ನೋಡುವವನಿಗೆ ಉಳಿಯುವುದು ಬಟ್ಟಲು ಮಾತ್ರ. ಎಲ್ಲ ಕಡೆ ಇರುವ ಜಾತಿಯಲ್ಲಿ ಬಟ್ಟಲಿನ ಆರು ಎಸಳೂ ಕಾಯಿಯ ಬುಡದಲ್ಲಿ ಹಿಂದಕ್ಕೆ ಮಡಚಿರುತ್ತವೆ. ಕಡವಿನ ಈ ಏಳರಲ್ಲಿ ಎಸಳು ಮಡಚುವುದಿಲ್ಲ. ಕಾಯಿಯ ಕೆಳಗೆ ಚಪ್ಪಟೆಯಾಗಿ ಹರಡಿ ಸಣ್ಣ ತಟ್ಟೆಯ ಹಾಗೆ ನಿಲ್ಲುತ್ತವೆ. ಈ ಹೊಳೆಯಲ್ಲಿ ಇಂಥವು ಬೇರೆಲ್ಲೂ ಕಂಡಿಲ್ಲ ಎಂದು ಜಲಜಕ್ಕ ಹತ್ತು ವರ್ಷದ ಹಿಂದೆಯೇ ನನಗೆ ಹೇಳಿದ್ದರು. ಇದರ ಹಣ್ಣು ಹುಳಿ, ಮೀನಿನ ಸಾರಿಗೆ ಆಗುತ್ತದೆ ಎಂದು ಒಂದೆರಡು ತಂದುಕೊಟ್ಟದ್ದೂ ಉಂಟು. ಗೊತ್ತಾದರೆ ಜನ ಕೊಂಬೆ ಸಮೇತ ಮುರಿಯುತ್ತಾರೆ ಎಂದು ಪ್ರಣೀತಾಳಿಗೂ ತೋರಿಸಿರಲಿಲ್ಲ. ಇಷ್ಟು ಹತ್ತಿರದಲ್ಲಿ ಇದ್ದುದನ್ನು ಆ ಹುಡುಗಿಯೂ ದೋಣಿ ಹತ್ತುವ ಗಡಿಬಿಡಿಯಲ್ಲಿ ನೋಡಲಿಲ್ಲ.

ಜಲಜಕ್ಕನಿಗೆ ಒಬ್ಬಳೇ ಮಗಳು, ಶ್ರೀಲತಾ. ಗಂಡ ಮುಂಬೈಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾನೆ. ಮೂವತ್ತೆರಡನೇ ವರ್ಷಕ್ಕೆ ಅವಳ ಎರಡೂ ಕಿಡ್ನಿ ಕೈಕೊಟ್ಟವು, ತಾಯಿಯ ಮನೆಗೆ ಬಂದಳು. ಮಂಗಳವಾರ ಮತ್ತು ಶುಕ್ರವಾರ ಕುಂದಾಪುರದಲ್ಲಿ ಡಯಾಲಿಸಿಸ್. ಹೋಗುವಾಗ ಹೇಗೋ ನಡೆಯುತ್ತಾಳೆ. ಬರುವಾಗ ಅವಳಲ್ಲಿ ಏನೂ ಉಳಿದಿರುವುದಿಲ್ಲ. ಇಳಿತವಾಗಿದ್ದರೆ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಬದಿ ನಾನು, ಒಂದು ಬದಿ ಯೋಗೀಶ, ಕೆಸರಿನಲ್ಲಿ ಹೊತ್ತು ತರುತ್ತಿದ್ದೆವು. ಯೋಗೀಶನದು ಆಚೆ ದಡದಲ್ಲಿ ರಿಕ್ಷಾ, ಆಸ್ಪತ್ರೆಗೆ ಕರೆದೊಯ್ಯುವವನೂ ಅವನೇ. ಸೇತುವೆ ಆದರೆ ರಿಕ್ಷಾ ಮನೆಯ ಅಂಗಳಕ್ಕೇ ಬರುತ್ತದೆ. ಜಲಜಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

ಕಳೆದ ವರ್ಷ ಸೇತುವೆ ಮಂಜೂರಾಯಿತು. ಆಚೆ ದಡದಿಂದ ನೇರ ನಮ್ಮ ಕಡವಿಗೆ ಗೆರೆ ಎಳೆದು ಗೂಟ ಹೊಡೆದು ಹೋದರು. ಗೂಟಗಳು ನಿಂತದ್ದು ಆ ಏಳು ಮರಗಳ ನಡುವೆಯೇ. ದಾರಿಯಲ್ಲಿ ಯಾವ ಮರ ಇದೆ ಎಂದು ಪಟ್ಟಿ ಮಾಡಲು ಒಂದು ಕಂಪನಿಗೆ ಕೊಟ್ಟಿದ್ದಾರೆ, ಸಾಮಾನ್ಯ ಜಾತಿಯಾದರೆ ಕಡಿದು ಬೇರೆ ಕಡೆ ಹೊಸ ಗಿಡ ನೆಡುತ್ತಾರೆ, ಅಪರೂಪದ್ದಾದರೆ ಗೆರೆಯನ್ನೇ ಬದಲಿಸಬೇಕು ಎಂದು ಎಂಜಿನಿಯರರು ನನಗೆ ಹೇಳಿದರು. ಗೆರೆ ಬದಲಾದರೆ ಫೈಲು ಮತ್ತೆ ಮೊದಲಿನಿಂದ ಹೊರಡಬೇಕು. ಪಟ್ಟಿ ಮಾಡಲು ಬರುವವಳು ಪ್ರಣೀತಾ, ಈಗ ಆ ಕಂಪನಿಯಲ್ಲಿ ಕೆಲಸ. ಕೇಳಿ ನನಗೆ ಖುಷಿಯೇ ಆಯಿತು. ಜಲಜಕ್ಕ ಹೇಳಿದ ಮಾತನ್ನು ಅವಳು ತೆಗೆದುಹಾಕುವವಳಲ್ಲ ಎಂದು ಲೆಕ್ಕ ಹಾಕಿದೆ.

ಸಂಜೆ ಜಲಜಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಚಿಪ್ಪು ಬಿಡಿಸುತ್ತಿದ್ದರು.

"ಜಲಜಕ್ಕ, ಮಡ್ಚಿದ್ ಬಟ್ಲ್ ಅಂದೇಳಿ ಹೇಳಿ. ಒಂದ್ ಮಾತ್ ಅಷ್ಟೇ" ಎಂದೆ.

"ಅವ್ಳಿಗೆ ಕಣ್ಣಿಲ್ಯಾ? ಮರದ್ ತುಂಬ ಇತ್ತಲ್ಲ."

"ಮರದಲ್ಲಿ ಇಲ್ದಿದ್ರೆ?"

ಅವರ ಕೈ ನಿಂತಿತು. ನಾನು ಹೇಳಿದ್ದು ಏನೆಂದು ಅವರಿಗೆ ಅರ್ಥವಾಯಿತು. "ನೀನ್ ಮನೆಗ್ ಹೋಗ್ ರತ್ನಾಕರ" ಅಂದರು. ಹೋದೆ. ನಾಲ್ಕು ದಿನ ಅವರು ಅಂಗಡಿಯ ಕಡೆ ಬರಲಿಲ್ಲ.

ಶುಕ್ರವಾರ ಕುರ್ಚಿಯ ಕಾಲು ಮುರಿಯಿತು. ದಡಕ್ಕೆ ಹತ್ತು ಮಾರು ಇದ್ದಾಗ ನನ್ನ ಕಡೆಯ ಹಿಂದಿನ ಕಾಲು ಲಟಕ್ಕೆಂದಿತು, ಶ್ರೀಲತಾ ಮುಖ ಅಡಿಯಾಗಿ ಕೆಸರಿಗೆ ಬಿದ್ದಳು. ಸೂಜಿ ಚುಚ್ಚುವ ಎಡಗೈಯನ್ನು ಮಾತ್ರ ಮೇಲೆತ್ತಿ ಹಿಡಿದಿದ್ದಳು. ಆ ಕೈಗೆ ಏನಾದರೂ ಆದರೆ ಡಯಾಲಿಸಿಸ್ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತು. ಬಾಯಿಗೆ ಕೆಸರು ಹೋಗಿತ್ತು, ಕೆಮ್ಮಲು ಕೂಡ ತ್ರಾಣ ಇರಲಿಲ್ಲ. ನಾವಿಬ್ಬರೂ ಅವಳನ್ನು ಎತ್ತುವಾಗ ದಡದಲ್ಲಿ ಜಲಜಕ್ಕ ನಿಂತಿದ್ದರು. ಕೂಗಲಿಲ್ಲ, ಓಡಿಬರಲಿಲ್ಲ. ಆಮೇಲೆ ಬಾವಿಕಟ್ಟೆಯಲ್ಲಿ ಮಗಳನ್ನು ಕೂರಿಸಿ, ಸಣ್ಣ ಮಗುವಿಗೆ ಮಾಡುವ ಹಾಗೆ ಕಿವಿಯ ಸಂದಿಯಿಂದ ಕೆಸರು ತೊಳೆದರು. ಅದನ್ನು ನೋಡಿ ನನಗೆ ಅಳು ಬಂತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನ ಬೆಳಿಗ್ಗೆ ಜಲಜಕ್ಕ ಕಾಯಿ ಕೊಯ್ಯುವ ಉದ್ದದ ದೋಟಿ ಹಿಡಿದು ಅಂಗಡಿಯ ಮುಂದೆ ಬಂದು ನಿಂತರು. "ದೋಣಿ ತಾ. ಭರ್ತಿ ಇಪ್ಪ ಹೊತ್ತಿಗೇ ಆಯ್ಕ್" ಎಂದರು. ಭರ್ತಿ ಅಂದರೆ ಉಬ್ಬರ.

ಮೂರು ದಿನ ಉಬ್ಬರದ ಹೊತ್ತಿನಲ್ಲಿ ಮರದ ಕೆಳಗೆ ದೋಣಿ ನಿಲ್ಲಿಸಿ ಕೊಯ್ದೆವು. ಮೊಗ್ಗು, ಬಟ್ಟಲು, ಎಳೆ ಕಾಯಿ, ಬಲಿತ ಕಾಯಿ, ಒಂದನ್ನೂ ಬಿಡಲಿಲ್ಲ. ಮೇಲಿನ ಕೊಂಬೆಗೆ ದೋಟಿ, ಕೆಳಗಿನದಕ್ಕೆ ಕೈ. ಜಲಜಕ್ಕ ಒಂದೊಂದನ್ನೂ ಕೊಯ್ಯುವ ಮೊದಲು ಬೆರಳಿನಿಂದ ಎಸಳು ಎಣಿಸುತ್ತಿದ್ದರು. ಒಂದು, ಎರಡು, ಆರು. ಆಮೇಲೆ ಚಿವುಟುವುದು.

"ಎಂತಕ್ಕೆ ಎಣ್ಸ್‌ತ್ರಿ? ಹೊತ್ತ್ ಹೋತ್ತಲ್ಲ" ಎಂದೆ.

"ಎಣ್ಸದೆ ಕೈ ಕೇಂತಿಲ್ಲೆ" ಎಂದರು.

ಹೊಳೆಗೆ ಎಸೆದರೆ ತೇಲಿ ಯಾವುದೋ ದಡಕ್ಕೆ ಹತ್ತುತ್ತದೆ ಎಂದು ಬುಟ್ಟಿಯಲ್ಲಿ ತುಂಬಿ ಮನೆಯ ಹಿಂದೆ ಗುಂಡಿ ತೆಗೆದು ಹೂತರು. ಹನ್ನೊಂದು ಬುಟ್ಟಿ. ಕಾಯಿಯ ಸೊನೆ ಹತ್ತಿ ಅವರ ಬೆರಳ ತುದಿಗಳು ಕಪ್ಪಾಗಿದ್ದವು. ಮೂರನೇ ಮರದ ತುದಿಯಲ್ಲಿ ಒಂದೇ ಒಂದು ಕಾಯಿ ಉಳಿದಿತ್ತು. ನಾನು ತೋರಿಸಿದೆ. "ದೋಟಿ ಎಟ್ಕುದಿಲ್ಲೆ" ಅಂದರು. ನನಗೆ ಎಟುಕುವ ಹಾಗೆಯೇ ಕಂಡಿತ್ತು. ಸುಸ್ತಾಗಿದ್ದೆ, ಬಿಟ್ಟೆ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ನನಗೊಂದು ಅಧಿಕ ಬುದ್ಧಿ ಹೊಳೆಯಿತು. ಹೊಳೆಯ ಕೆಳಭಾಗದಿಂದ ಮಡಚಿದ ಬಟ್ಟಲಿನ ಕಾಯಿ ತಂದು ಈ ಏಳು ಮರದ ಅಡಿಯಲ್ಲಿ ಹರಡಿದರೆ ಪ್ರಣೀತಾ ಮೇಲೆ ನೋಡುವುದೇ ಬೇಡವಲ್ಲ ಎಂದು. ಜಲಜಕ್ಕನಿಗೆ ಹೇಳಿದ್ದೇ ತಡ ಅವರು ಕೆಂಡವಾದರು.

"ಕೊಯ್ದದ್ದ್ ಆಯ್ತ್. ಹರ್ಡುದ್ ಬ್ಯಾಡ. ಮರದ್ ಬುಡದಲ್ಲಿ ಬ್ಯಾರೆ ಮರದ್ ಕಾಯಿ ಹಾಕುವಷ್ಟ್ ಹಾಳಾಯ್ಲಿಲ್ಲೆ ನಾನ್."

ಕೊಯ್ಯುವುದು ಬೇರೆ, ಹರಡುವುದು ಬೇರೆ ಎನ್ನುವ ಅವರ ಆ ಲೆಕ್ಕ ನನಗೆ ಅವತ್ತು ನಗು ತರಿಸಿತು. ಪ್ರಣೀತಾ ಬರುವ ದಿನ ನೀರು ಇಳಿಯುತ್ತಿದ್ದಂತೆ ಅವರಿಗೆ ಹೇಳದೆ ಒಂದು ಬುಟ್ಟಿ ತಂದು ಹರಡಿದೆ. ಗಡಿಬಿಡಿಯಲ್ಲಿ ತಂದದ್ದು, ಎಲ್ಲವೂ ಕೊಂಬೆಯಿಂದ ಕಿತ್ತವು, ತಾನಾಗಿ ಬಿದ್ದವಲ್ಲ.

ಅವಳು ಬಂದದ್ದು ಮಂಗಳವಾರ, ಇಳಿತದ ಹೊತ್ತಿಗೆ. ಅಂಗಡಿಯ ಮುಂದೆಯೇ ಜಲಜಕ್ಕನನ್ನು ತಬ್ಬಿಕೊಂಡಳು. ಆಸ್ಪತ್ರೆಗೆ ಹೋಗಿದ್ದ ಶ್ರೀಲತಾಳ ಬಗ್ಗೆ ವಿಚಾರಿಸಿದಳು. ಕೆಸರಿಗಿಳಿದು ಟೇಪು ಹಿಡಿದು ಮರದ ಸುತ್ತಳತೆ ತೆಗೆದಳು, ಇನ್ನೊಂದು ತುದಿ ಹಿಡಿದವ ನಾನೇ. ಮೊಬೈಲಿನಲ್ಲಿ ಒಂದೊಂದೇ ಮರದ ಫೋಟೋ ತೆಗೆದಳು. ಮೂರನೇ ಮರದ ಹತ್ತಿರ ಸ್ವಲ್ಪ ಹೊತ್ತು ಹೆಚ್ಚು ನಿಂತಳು.

"ಈ ಸಲ ಹೂ ಬಿಡ್ಲಿಲ್ಯಾ ಜಲಜಕ್ಕ? ಒಂದೂ ಬಟ್ಲ್ ಕಾಂತಿಲ್ಲೆ."

ನಾನು ಬಾಯಿ ಹಾಕಿದೆ. "ಕೆಳ್ಗ್ ಬಿದ್ದಿತ್ ಕಾಣ್ ಹೆಣ್ಣೇ. ಮಡ್ಚಿದ್ದೇ."

ಆಗ ಜಲಜಕ್ಕ ಕೆಳಗೆ ನೋಡಿದರು. ನಾನು ಹರಡಿದ್ದನ್ನು ಅವರು ಮೊದಲು ಕಂಡದ್ದೇ ಆಗ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಊಟ ಮಾಡುವಾಗ ನೆನಪಾಗುತ್ತದೆ. ಪ್ರಣೀತಾ ಬಗ್ಗಿ ಒಂದು ಕಾಯಿ ಎತ್ತಿ ತಿರುಗಿಸಿದಳು. ಇನ್ನೊಂದು ಎತ್ತಿದಳು. ಮೂರನೆಯದನ್ನೂ ಎತ್ತಿದಳು. ಮೂರರಲ್ಲೂ ಹಸಿರು ತೊಟ್ಟು ಇತ್ತು, ಸಿಪ್ಪೆ ಹರಿದಿತ್ತು. ಮೂರನ್ನೂ ಮೆತ್ತಗೆ ಕೆಸರಿನಲ್ಲಿಟ್ಟು ಜಲಜಕ್ಕನ ಬೆರಳುಗಳ ಕಡೆ ನೋಡಿದಳು. ಜಲಜಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಇಲ್ಲೊಂದ್ ಕಾಲಂ ಇತ್, ಗುರ್ತಿಸಿದವ್ರ್ ಯಾರ್ ಅಂತ" ಎಂದಳು ಹುಡುಗಿ. ದನಿ ಬಹಳ ಸಣ್ಣದಾಗಿತ್ತು. "ಯಾವತ್ತೂ ನನ್ ಹೆಸ್ರ್ ಹಾಕುದ್. ಇವತ್ತ್ ನಿಮ್ದ್ ಹಾಕ್ತೆ. ಎಂತ ಮರ, ನೀವೇ ಹೇಳಿ."

ಅದೇ ಹೊತ್ತಿಗೆ ಹೊಳೆಯಲ್ಲಿ ದೋಣಿ ಬಂದು ಕೆಸರಿಗೆ ತಾಗಿ ನಿಂತಿತು. ಯೋಗೀಶ ಮತ್ತು ದೋಣಿಯವನು ಹೊಸ ಕುರ್ಚಿಯಲ್ಲಿ ಶ್ರೀಲತಾಳನ್ನು ಎತ್ತಿಕೊಂಡು ಇಳಿದರು. ಅವಳ ತಲೆ ಒಂದು ಕಡೆ ವಾಲಿತ್ತು. ನಮ್ಮನ್ನು ಕಂಡು ಬಲಗೈಯನ್ನು ಸ್ವಲ್ಪ ಎತ್ತಿದಳು. ಜಲಜಕ್ಕ ಅವರು ಅಷ್ಟು ದೂರ ನಡೆದು ಬರುವವರೆಗೂ ಅತ್ತಲೇ ನೋಡುತ್ತಿದ್ದರು.

"ಮಡ್ಚಿದ್" ಎಂದರು.

"ನೀವ್ ಹೇಳಿದ್ದ್ ಹಾಂಗೇ ಅಲ್ದಾ?"

"ನಾನ್ ಹೇಳಿದ್ದ್ ಹಾಂಗೇ."

ಪ್ರಣೀತಾ ಮೊಬೈಲನ್ನು ಚೀಲಕ್ಕೆ ಹಾಕಿದಳು. ಚಹಾ ಕುಡಿಯದೆ ಅದೇ ದೋಣಿಯಲ್ಲಿ ಹೋದಳು.

ನಾಲ್ಕು ತಿಂಗಳು ಏನೂ ಸುದ್ದಿ ಇಲ್ಲ. ಅಷ್ಟರಲ್ಲಿ ಶ್ರೀಲತಾಳಿಗೆ ಡಯಾಲಿಸಿಸ್ ವಾರಕ್ಕೆ ಮೂರು ಸಲ ಆಯಿತು. ಜಲಜಕ್ಕ ಹೊಳೆಗಿಳಿಯುವುದು ಬಿಟ್ಟರು. ಯಾರಾದರೂ ಗಿಡ ತಂದು ಇದೇನು ಎಂದು ಕೇಳಿದರೆ, ನನಗೆ ಕಣ್ಣು ಮಂಜು ಅನ್ನುತ್ತಿದ್ದರು. ಕಣ್ಣು ಮಂಜಾದವರು ಸೂಜಿಗೆ ನೂಲು ಹಾಕುವುದನ್ನು ನಾನೇ ಕಂಡಿದ್ದೇನೆ. ನನ್ನೊಡನೆ ಮಾತು ಅಗತ್ಯಕ್ಕೆ ತಕ್ಕಷ್ಟು ಮಾತ್ರ.

ಮಾರ್ಚ್ ತಿಂಗಳಲ್ಲಿ ವರದಿಯ ಪ್ರತಿ ಸಮಿತಿಗೆ ಬಂತು. ಭಜನಾ ಮಂದಿರದಲ್ಲಿ ಸಭೆ ಕರೆದೆವು, ಮೂವತ್ತೆರಡು ಮನೆಯಿಂದಲೂ ಜನ ಬಂದಿದ್ದರು. ಜಲಜಕ್ಕ ಹಿಂದೆ ಬಾಗಿಲ ಹತ್ತಿರ ಕುಳಿತಿದ್ದರು. ನಾನು ಲಕೋಟೆ ಒಡೆದು ಎಲ್ಲರ ಎದುರಿಗೇ ಓದಿದೆ, ಮೊದಲೇ ಒಬ್ಬನೇ ಓದಿಕೊಳ್ಳುವ ಬುದ್ಧಿ ಅವತ್ತು ಬರಲಿಲ್ಲ. ಕಡವಿನ ಏಳು ಮರಗಳು ಚಪ್ಪಟೆ ಪುಷ್ಪಪಾತ್ರೆಯ ಜಾತಿ. ಪರಿಶೀಲಿಸಿದ ಹೊಳೆಭಾಗದಲ್ಲಿ ಬೇರೆಲ್ಲೂ ಇಲ್ಲ. ಸೇತುವೆಯ ಗೆರೆಯನ್ನು ಬದಲಿಸತಕ್ಕದ್ದು. ಅದರ ಕೆಳಗಿನ ಸಾಲನ್ನೂ ಅದೇ ಓಟದಲ್ಲಿ ಓದಿಬಿಟ್ಟೆ. ಗುರುತಿಸಿದವರು, ಶ್ರೀಮತಿ ಜಲಜ, ಕೇದ್ಗೆಕುದ್ರು.

ಎಲ್ಲರೂ ಒಟ್ಟಿಗೆ ಹಿಂದೆ ತಿರುಗಿದರು.

"ಹ್ವಾಯ್ ಜಲಜಕ್ಕ, ನಿಮ್ಗ್ ಮಗ್ಳಿಗಿಂತ ಮರ ಹೆಚ್ಚಾ?" ಎಂದು ಯೋಗೀಶ ಕೇಳಿದ. "ನಾವ್ ನಿಮ್ ಮಗ್ಳನ್ನ ಹೊತ್ಕಂಡ್ ತಿರ್ಗುದ್, ನೀವ್ ಅಲ್ಲಿ ಹೋಯ್ ನಮ್ ಸೇತ್ವೆಗೆ ಕಲ್ಲ್ ಹಾಕುದ್. ಸಮಾ ಇತ್."

ನಾನು ಎದ್ದು ನಿಂತೆ. ಅವರು ಹಾಗೆ ಹೇಳಲಿಲ್ಲ, ಸುಳ್ಳು ಹೇಳಿದರು, ಹೇಳಿಸಿದವನು ನಾನು ಎಂದು ಹೇಳುವುದಕ್ಕೆ. ಜಲಜಕ್ಕ ಬಾಗಿಲ ಬಳಿಯಿಂದ ನನ್ನನ್ನೇ ನೋಡುತ್ತಾ ತಲೆ ಅಡ್ಡಕ್ಕೆ ಆಡಿಸಿದರು, ಒಂದೇ ಸಲ. ನಾನು ಕುಳಿತೆ. ಅವರು ಬೇಡ ಅಂದರು ಎಂದು ಕುಳಿತೆ ಅಂದುಕೊಳ್ಳುವುದು ನನಗೆ ಅನುಕೂಲ. ನಿಜ ಹೇಳುವುದಾದರೆ ಹೆದರಿ ಕುಳಿತೆ.

ಮರುದಿನ ಪ್ರಣೀತಾಳಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೂರ್ನೇ ಮರದ್ ತುದಿಯಲ್ಲಿ ಒಂದ್ ಇತ್ತ್ ರತ್ನಾಕರಣ್ಣ. ಅವ್ರನ್ನ ಕೇಂಬುಕ್ ಮೊದ್ಲೇ ಕಂಡಿದ್ದೆ, ಫೋಟೋ ತೆಗ್ದಿದ್ದೆ" ಎಂದಳು. "ಕಂಡದ್ದನ್ನ ನಾನ್ ಬರೀದೆ ಬಿಡುಕಾತ್ತಾ?"

"ಬರಿ. ಅವ್ರ್ ಹೆಸ್ರ್ ಎಂತಕ್ಕೆ ಹಾಕಿದೆ?"

"ಅದನ್ನ ಗುರ್ತ್ ಹಿಡೂಕೆ ನಂಗ್ ಕಲ್ಸಿದ್ದ್ ಅವ್ರೇ. ಮತ್ಯಾರ್ ಹೆಸ್ರ್ ಹಾಕ್ಕಿತ್ತ್?" ಎಂದಳು. ಆಮೇಲೆ ಅವಳೂ ಅತ್ತಳು. ಗೌರವಕ್ಕೆ ಹಾಕಿದಳೋ ಸಿಟ್ಟಿಗೆ ಹಾಕಿದಳೋ ಅವಳಿಗೇ ಗೊತ್ತಿಲ್ಲ ಎಂದು ನನಗನಿಸಿತು. ಆ ಒಂದು ಕಾಯಿ ದೋಟಿಗೆ ಎಟುಕಲಿಲ್ಲವೋ, ಜಲಜಕ್ಕನೇ ಬಿಟ್ಟರೋ, ಅದನ್ನು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಜಲಜಕ್ಕನ ಹತ್ತಿರ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ.

"ಹೇಳಿ ಎಂತ ಮಾಡ್ತೆ? ನಾವ್ ಕೊಯ್ದದ್ದ್ ಹೊರ್ಗ್ ಬಿದ್ರೆ ಆ ಹೆಣ್ಣಿನ್ ಕೆಲ್ಸಕ್ಕೂ ತೊಂದ್ರೆ. ಅವ್ಳ್ ಬರ್ದದ್ ಸಮ ಇತ್. ಹೆಸ್ರ್ ಒಂದೇ ತಪ್ಪಿದ್ದ್" ಎಂದರು. ಇಪ್ಪತ್ತು ವರ್ಷ ಹೊಳೆಯ ಮರಗಳ ಹೆಸರು ಹೇಳಿದವರ ಹೆಸರು ಮೊದಲ ಸಲ ಕಾಗದಕ್ಕೆ ಬಂದದ್ದು ಹೀಗೆ.

ಅಂದಿನಿಂದ ಯೋಗೀಶನಿಗೆ ಇಳಿತದ ಹೊತ್ತಿಗೇ ಬಾಡಿಗೆ ಸಿಗತೊಡಗಿತು. ಆಚೆ ದಡದವರೆಗೆ ರಿಕ್ಷಾದಲ್ಲಿ ತಂದು ಬಿಡುತ್ತಾನೆ, ಕೆಸರಿಗಿಳಿಯುವುದಿಲ್ಲ. ಬೇರೆಯವರಿಗೂ ಸೊಂಟನೋವು. ಕುರ್ಚಿಯ ಇನ್ನೊಂದು ಬದಿಯನ್ನು ಈಗ ಜಲಜಕ್ಕ ಹಿಡಿಯುತ್ತಾರೆ. ಅರವತ್ತರ ಹೆಂಗಸು, ಸೀರೆ ಮೊಣಕಾಲಿಗೆ ಕಟ್ಟಿಕೊಂಡು, ಮುಖ ಹೊಳೆಯ ಕಡೆ ತಿರುಗಿಸಿಕೊಂಡು ಹೊರುತ್ತಾರೆ. ಮಗಳ ಮುಖ ನೋಡುವುದಿಲ್ಲ.

ಒಂದು ದಿನ ದೋಣಿಯಲ್ಲಿ ನಾವಿಬ್ಬರೇ ಇದ್ದಾಗ ಶ್ರೀಲತಾ ನನ್ನೊಡನೆ ಮಾತು ತೆಗೆದಳು.

"ಮಾವ, ಅಮ್ಮ ನನ್ ಮುಖ ಕಾಂಬುದ್ ಬಿಟ್ಟಿರ್. ನಂಗ್ ಬೇಜಾರಿಲ್ಲೆ ಅಂದೇಳಿ ನೀವ್ ಅವ್ರಿಗೆ ಹೇಳ್ಕ್."

"ಎಂತದಕ್ಕೆ?"

"ಆ ಕಾಗ್ದಕ್ಕೆ. ಅಮ್ಮ ಸುಳ್ಳ್ ಹೇಳಿದ್ರೆ ಸೇತ್ವೆ ಆತಿತ್ತ್, ನಂಗೊತ್ತಿತ್. ಆದ್ರೆ ಅವ್ರಿಗೆ ಸುಳ್ಳ್ ಹೇಳುಕ್ ಬತ್ತಿಲ್ಲೆ. ನಾನ್ ಸಣ್ಣಕ್ಕಿಪ್ಪ ಹೊತ್ತಿಗೂ ಹಾಂಗೇ. ಆಸ್ಪತ್ರೆಯಲ್ಲಿ ಪಕ್ಕದ್ ಹಾಸ್ಗಿಯವ್ರಿಗೆಲ್ಲ ಹೇಳಿದ್ದೆ ನಾನ್, ನನ್ನಮ್ಮ ಹೀಂಗ್ ಅಂತ."

ನಾನು ಹುಟ್ಟು ಹಾಕುವುದನ್ನು ಮರೆತೆ, ದೋಣಿ ಅಡ್ಡ ತಿರುಗಿತು. ಆ ಸಂಜೆ ಅವಳ ಮಾತನ್ನು ಜಲಜಕ್ಕನಿಗೆ ಮುಟ್ಟಿಸಿದೆ, ಪಕ್ಕದ ಹಾಸಿಗೆಯವರ ಸಂಗತಿಯನ್ನೂ ಬಿಡದೆ. ಅವರು ಕೇಳಿಸಿಕೊಂಡು ಜಗಲಿಯ ಮೇಲೆ ಕುಳಿತರು. "ಇದ್ಕಿಂತ ಯೋಗೀಶ ಬೈದದ್ದೇ ಆತಿತ್ತ್ ರತ್ನಾಕರ" ಎಂದರು.

ಮೊನ್ನೆ ಶುಕ್ರವಾರ ಮತ್ತೆ ಇಳಿತ. ಶ್ರೀಲತಾ ಈಗ ತುಂಬ ಹಗುರ, ಆದರೆ ಕೆಸರು ಹಗುರವಾಗಿಲ್ಲ. ಕುರ್ಚಿ ಹೊತ್ತು ಮೂರನೇ ಮರದ ಕೆಳಗೆ ಬಂದೆವು. ಮರಗಳು ಮತ್ತೆ ಮೊಗ್ಗು ಬಿಟ್ಟಿವೆ, ಕೆಳಗಿನ ಕೊಂಬೆಗಳಲ್ಲಿ ಆಗಲೇ ಕಾಯಿ ಕಟ್ಟಿದೆ. ಶ್ರೀಲತಾ ಬಲಗೈ ಚಾಚಿ ಒಂದನ್ನು ಹಿಡಿದಳು, ಕೀಳಲಿಲ್ಲ. ಬೆರಳಿನಿಂದ ಎಸಳು ಎಣಿಸಿದಳು.

"ಅಮ್ಮ, ಆರ್ ಇತ್. ಇದೇ ಅಲ್ದಾ ನೀವ್ ಹೇಳಿದ್ದ್?"

ಜಲಜಕ್ಕ ನಿಂತರು, ಹಾಗಾಗಿ ನಾನೂ ನಿಲ್ಲಬೇಕಾಯಿತು. ಎಷ್ಟೋ ತಿಂಗಳ ಮೇಲೆ ಮಗಳ ಮುಖವನ್ನು ನೇರ ನೋಡಿದರು. ಈಗ ಎಲ್ಲ ಹೇಳಿಬಿಡುತ್ತಾರೆ ಎಂದುಕೊಂಡೆ.

"ಹೌದ್. ಚಪ್ಪಟೆದ್" ಎಂದರು.

ಆ ಸುಳ್ಳಿನ ಮೇಲೆ ಆ ಮರದ ಹೆಸರನ್ನು ಅವರು ಸರಿಯಾಗಿ ಹೇಳಿದ್ದು ಅದೇ ಮೊದಲು, ಕೇಳಬೇಕಾದವರು ಕೇಳಿ ಹೋದ ಮೇಲೆ. ಶ್ರೀಲತಾ ನಕ್ಕು ಕೊಂಬೆಯನ್ನು ಬಿಟ್ಟಳು. ಜಲಜಕ್ಕನ ಬದಿಯಲ್ಲಿ ಕುರ್ಚಿ ತುಸು ಕೆಳಗಿಳಿಯಿತು. ಅವಳು ವಾಲದ ಹಾಗೆ ನನ್ನ ಬದಿಯನ್ನೂ ಅಷ್ಟೇ ತಗ್ಗಿಸಿ ಹಿಡಿದೆ. ದಡಕ್ಕೆ ಇನ್ನೂ ಹತ್ತು ಮಾರು ಇತ್ತು.